ಊರ ಕೆರೆ, ಗೋಮಾಳ ಉಳಿಸಬೇಕಾ? ಕೋರ್ಟಿಗೆ ಓಡುವ ಮುಂಚೆ ಇಷ್ಟು ಮಾಡಿ

ತಾಲ್ಲೂಕು ಕೋರ್ಟಿನ ಎದುರು ನನ್ನ ಪುಟ್ಟ ಆಫೀಸಿದೆ. ವರ್ಷಕ್ಕೆ ನಾಲ್ಕೈದು ಸಲವಾದರೂ ಹೀಗಾಗುತ್ತದೆ. ಒಂದು ಊರಿನಿಂದ ಏಳೆಂಟು ಜನ ಬರುತ್ತಾರೆ. ಬೆಂಚಿನ ಮೇಲೆ ಜಾಗ ಸಾಲದೆ ಅರ್ಧ ಜನ ಬಾಗಿಲಲ್ಲೇ ನಿಲ್ಲುತ್ತಾರೆ. ಒಬ್ಬ ಹುಡುಗ ಮೊಬೈಲ್ ನನ್ನ ಮುಂದೆ ಹಿಡಿಯುತ್ತಾನೆ. ಕೆರೆ ಅಂಗಳಕ್ಕೆ ಜೆಸಿಬಿ ಇಳಿದಿರುವ ವಿಡಿಯೊ. "ಸಾರ್, ನಾಳೇನೇ ಸ್ಟೇ ತರ್ಬೇಕು." ನಾನು ಕೇಳುವುದು ಒಂದೇ ಪ್ರಶ್ನೆ: "ಸರ್ವೆ ನಂಬರ್ ಎಷ್ಟು?" ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಅವರ ತಪ್ಪೇನಿಲ್ಲ. ದೊಡ್ಡಕೆರೆ, ಹುಣಸೆತೋಪು, ದನದ ಬಯಲು ಅಂತ ಹೆಸರು ಹಿಡಿದು ಕರೆದು ರೂಢಿ. ಅಲ್ಲಿ ಎಮ್ಮೆ ಮೈ ತೊಳೆಯಲು ನಂಬರ್ ಯಾಕೆ ಬೇಕು, ಅಲ್ವಾ? ಆದರೆ ತಾಲ್ಲೂಕು ಕಚೇರಿಯ ಕಡತಕ್ಕೆ ನಿಮ್ಮ ದೊಡ್ಡಕೆರೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ನಂಬರ್ ಮಾತ್ರ. ಇಂಥ ಕೇಸುಗಳಲ್ಲಿ ನಾನು ಗೆದ್ದಿದ್ದೇನೆ, ಸೋತೂ ಇದ್ದೇನೆ. ಸೋತವುಗಳನ್ನು ತಿರುಗಿ ನೋಡಿದರೆ, ಜಡ್ಜ್ ಮುಂದೆ ನಿಲ್ಲುವ ಮುಂಚೆಯೇ, ಸರ್ವೆ ಆಫೀಸಿನಲ್ಲೇ ಸೋತಿದ್ದೆವು. ಅದಕ್ಕೇ ಈ ಲೇಖನದಲ್ಲಿ ಕೋರ್ಟಿನ ಮಾತು ಕೊನೆಗೆ ಬರುತ್ತದೆ.

ಮೊದಲು ಜಾಗದ ಜಾತಕ ಬರೆಸಿ

ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ಸರ್ಕಾರದ್ದೇ ಆ್ಯಪ್. ಕೆರೆಯ ಏರಿ ಮೇಲೆ ನಿಂತು ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಏರಿ, ಅಂಗಳ, ಕೋಡಿ, ಕಾಲುವೆ ಎಲ್ಲ ಕಡೆ ನಡೆದು ನಂಬರ್ ಬರೆದುಕೊಳ್ಳಿ. ಒಂದು ಕೆರೆ ಎರಡು ಮೂರು ನಂಬರಿನಲ್ಲಿ, ಕೆಲವೊಮ್ಮೆ ಎರಡು ಗ್ರಾಮದಲ್ಲಿ ಹರಡಿರುವುದು ಮಾಮೂಲಿ.

ಆಮೇಲೆ ಕಾಗದ. ಈಗಿನ ಪಹಣಿ ಒಂದೇ ಸಾಲದು. ಕಂಪ್ಯೂಟರ್ ಪಹಣಿಗೆ ಮುಂಚಿನ ಕೈಬರಹದ ಪಹಣಿ, ಆಕಾರ್ ಬಂದ್ (ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯ ಬರೆದ ಪುಸ್ತಕ), ಗ್ರಾಮ ನಕ್ಷೆ, ಆ ನಂಬರಿನ ಟಿಪ್ಪಣಿ (ಮೂಲ ಅಳತೆಯ ನಕ್ಷೆ), ಮುಟೇಷನ್ (ಹಕ್ಕು ಬದಲಾವಣೆ) ಪ್ರತಿ, ಇಷ್ಟನ್ನೂ ದೃಢೀಕೃತ ನಕಲು ತೆಗೆಸಿ. ಜೆರಾಕ್ಸ್ ಸಾಲದು, ಸೀಲು ಸಹಿ ಇರಲಿ. ಎಲ್ಲಕ್ಕಿಂತ ಹಳೆಯದು ಸಿಕ್ಕಷ್ಟೂ ಒಳ್ಳೆಯದು. ಒಂದು ಊರಿನಲ್ಲಿ 1960ರ ದಶಕದ ಪಹಣಿಯ 9ನೇ ಕಾಲಂನಲ್ಲಿ, ಅಂದರೆ ಮಾಲೀಕರ ಹೆಸರು ಬರೆಯುವಲ್ಲಿ, ಚೆಂದದ ಅಕ್ಷರದಲ್ಲಿ 'ಸರ್ಕಾರಿ ಕೆರೆ' ಅಂತಿತ್ತು. ಕೆಲವು ವರ್ಷ ಕಳೆದ ಮೇಲೆ ಬರೀ 'ಸರ್ಕಾರಿ' ಆಯಿತು. ಇನ್ನು ಕೆಲವು ವರ್ಷಕ್ಕೆ ಸಾಗುವಳಿದಾರರ 12ನೇ ಕಾಲಂನಲ್ಲಿ ಒಂದು ಹೆಸರು, ಪಕ್ಕದಲ್ಲಿ 'ರಾಗಿ'. ಕೆರೆಯ ಮಧ್ಯೆ ರಾಗಿ! ಯಾವ ಮುಟೇಷನ್ ನಂಬರೂ ಇಲ್ಲ, ಯಾವ ಆದೇಶವೂ ಇಲ್ಲ. 'ಕೆರೆ' ಅನ್ನುವ ಎರಡು ಅಕ್ಷರ ಯಾವ ವರ್ಷ ಬಿದ್ದುಹೋಯಿತು ಅಂತ ತೋರಿಸಿದ್ದೇ ಆ ಕೇಸಿನಲ್ಲಿ ನಮ್ಮ ಮುಖ್ಯ ವಾದ. ಹೀಗೆ ತಪ್ಪಾಗಿ ಸೇರಿದ ಹೆಸರು ತೆಗೆಸಲು ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 136ನೇ ಸೆಕ್ಷನ್ ಇದೆ. ಉಪವಿಭಾಗಾಧಿಕಾರಿ ಮುಂದೆ ಮೇಲ್ಮನವಿ, ಅಲ್ಲಿಂದ ಜಿಲ್ಲಾಧಿಕಾರಿ ಮುಂದೆ ರಿವಿಷನ್.

ಪಹಣಿಯ 3ನೇ ಕಾಲಂ ಯಾರೂ ನೋಡುವುದಿಲ್ಲ. ನೀವು ನೋಡಿ. ಅಲ್ಲಿ ಖರಾಬು, ಅಂದರೆ ಸಾಗುವಳಿ ಲೆಕ್ಕದಿಂದ ಬಿಟ್ಟ ಜಾಗ, ಎರಡು ಸಾಲಿನಲ್ಲಿರುತ್ತದೆ: ಅ ಮತ್ತು ಬ. ಅ ಖರಾಬು ಅಂದರೆ ಬಂಡೆ, ಕಣ, ತೆವರಿ, ಹೀಗೆ ಉಳಲು ಬಾರದ್ದು. ಅದು ಜಮೀನಿನವರದ್ದೇ. ಬ ಖರಾಬು ಅಂದರೆ ದಾರಿ, ಹಳ್ಳ, ಕಾಲುವೆ, ಸ್ಮಶಾನ, ಹೀಗೆ ಊರಿಗೆ ಬಿಟ್ಟದ್ದು. ಖಾಸಗಿ ಜಮೀನಿನ ಮಧ್ಯೆ ಹಾದುಹೋದರೂ ಅದು ಖಾಸಗಿ ಆಗುವುದಿಲ್ಲ. ಲೇಔಟ್ ಮಾಡುವವರು ಮೊದಲು ನುಂಗುವುದೇ ಈ ಹತ್ತು ಹನ್ನೆರಡು ಗುಂಟೆಯನ್ನು. ಮಳೆ ಬಂದಾಗ ಕೆರೆಗೆ ನೀರು ಯಾಕೆ ಬರಲಿಲ್ಲ ಅಂತ ಊರವರು ತಲೆ ಕೆರೆದುಕೊಳ್ಳುತ್ತಾರೆ.

ಗೋಮಾಳವಾದರೆ ಇನ್ನೊಂದು ಲೆಕ್ಕ ಇದೆ. ಭೂ ಕಂದಾಯ ನಿಯಮ 1966ರ 97ನೇ ನಿಯಮದ ಪ್ರಕಾರ 100 ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಮೇವಿಗೆ ಬಿಡಬೇಕು. 'ನಿಮ್ಮೂರಲ್ಲಿ ಗೋಮಾಳ ಹೆಚ್ಚುವರಿ ಇದೆ' ಅಂತ ವರದಿ ಬರೆದು ಮಂಜೂರು ಮಾಡುವುದುಂಟು. ಆಗ ಪಶು ಆಸ್ಪತ್ರೆಯಿಂದ ದನಗಳ ಗಣತಿ ಪಟ್ಟಿ ತೆಗೆಸಿ ಲೆಕ್ಕ ಹಾಕಿ. ಎಷ್ಟೋ ಕಡೆ ಹೆಚ್ಚುವರಿ ಇರಲಿ, ಇರಬೇಕಾದಷ್ಟೇ ಇರುವುದಿಲ್ಲ.

ಕಾಗದ ಕೊಡದೆ ಸತಾಯಿಸಿದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. 10 ರೂಪಾಯಿ ಪೋಸ್ಟಲ್ ಆರ್ಡರ್, 30 ದಿನ ಗಡುವು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. 'ಒತ್ತುವರಿ ಯಾಕೆ ತೆಗೆದಿಲ್ಲ?' ಅಂತ ಕೇಳಬೇಡಿ. ಯಾಕೆ ಅನ್ನುವುದು ಮಾಹಿತಿಯಲ್ಲ ಅಂತ ವಾಪಸ್ ಕಳಿಸುತ್ತಾರೆ. 'ಸರ್ವೆ ನಂಬರ್ ಇಂಥದ್ದರ ಕಡತ ಪರಿಶೀಲನೆಗೆ ಅವಕಾಶ ಕೊಡಿ' ಅಂತ ಬರೆಯಿರಿ. ಕಡತ ಕಣ್ಣ ಮುಂದೆ ಬಂದರೆ, ಟಿಪ್ಪಣಿ ಹಾಳೆಯಲ್ಲಿ ಯಾರು ಏನು ಬರೆದಿದ್ದಾರೆ ಅನ್ನುವುದೂ ಕಾಣುತ್ತದೆ.

ಅಳತೆ ದಿನ ಹೊಲದಲ್ಲಿರಿ

ಇಲ್ಲಿ ಒಂದು ಎಚ್ಚರಿಕೆ. ಆ್ಯಪ್ ಆಗಲಿ, ಗ್ರಾಮ ನಕ್ಷೆಯಾಗಲಿ ಒತ್ತುವರಿ ಸಾಬೀತು ಮಾಡುವುದಿಲ್ಲ. ಗ್ರಾಮ ನಕ್ಷೆಯಲ್ಲಿ ಒಂದು ಇಂಚು ಅಂದರೆ ನೆಲದ ಮೇಲೆ 660 ಅಡಿ. ಲೆಕ್ಕ ಹಾಕಿ: ಗೆರೆಯ ಅರ್ಧ ಮಿಲಿಮೀಟರ್ ದಪ್ಪವೇ 13 ಅಡಿ ಆಯಿತು. ಒಬ್ಬ ಕಿರಿಯ ವಕೀಲರು ಅದೇ ನಕ್ಷೆ ಜೆರಾಕ್ಸ್ ಮೇಲೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು 'ಇಲ್ಲಿ 8 ಅಡಿ ಒತ್ತುವರಿ' ಅಂತ ವಾದ ಮಾಡಿದ್ದರು. ಎದುರು ವಕೀಲರು ಒಂದು ಸ್ಕೇಲ್ ಕೇಳಿ ತರಿಸಿಕೊಂಡರು, ಅಷ್ಟೇ. ಆ ಕಿರಿಯ ವಕೀಲ ನಾನೇ.

ಬೇಕಾದದ್ದು ಹದ್ದುಬಸ್ತು ಅಳತೆ, ಅಂದರೆ ಸರ್ಕಾರಿ ಸರ್ವೆಯರ್ ಬಂದು ಗಡಿ ಗುರುತಿಸುವುದು. ಊರಿನ ಸರ್ಕಾರಿ ಜಾಗಕ್ಕೆ ಗ್ರಾಮ ಪಂಚಾಯಿತಿಯಿಂದ ನಿರ್ಣಯ ಮಾಡಿಸಿ, ತಹಶೀಲ್ದಾರರ ಮೂಲಕ ಅರ್ಜಿ ಹಾಕಿಸಿ. ಅಕ್ಕಪಕ್ಕದ ಹಿಡುವಳಿದಾರರಿಗೆಲ್ಲ ನೋಟಿಸ್ ತಲುಪಿದೆಯಾ ಅಂತ ಖಚಿತ ಮಾಡಿಕೊಳ್ಳಿ. ಒಬ್ಬರಿಗೆ ನೋಟಿಸ್ ಹೋಗದಿದ್ದರೂ ಇಡೀ ಅಳತೆಯನ್ನೇ ಪ್ರಶ್ನೆ ಮಾಡುತ್ತಾರೆ. ಇದೇ ಕಾರಣಕ್ಕೆ ಎರಡೆರಡು ಸಲ ಅಳತೆಯಾದ ಕೆರೆಗಳಿವೆ.

ಸರ್ವೆಯರ್ ಬರುವ ದಿನ ಊರಿನ ನಾಲ್ಕು ಜನ ಬೆಳಗ್ಗೆಯಿಂದ ಜೊತೆಗಿರಿ. ಸೆಣಬಿನ ಗಿಡ, ಲಂಟಾನ ಸವರಿ ಹಳೆಯ ಬಾಂದು ಕಲ್ಲು ಹುಡುಕಿ ಇಟ್ಟಿರಿ. ಗುಂಟೆ ಲೆಕ್ಕ ನಿಮಗೂ ಬರಲಿ: 33 ಅಡಿಗೆ 33 ಅಡಿ ಒಂದು ಗುಂಟೆ, ಅಂದರೆ 1,089 ಚದರ ಅಡಿ. 40 ಗುಂಟೆ ಒಂದು ಎಕರೆ. ಬೇಲಿಯನ್ನು 330 ಅಡಿ ಉದ್ದಕ್ಕೆ ಬರೀ 10 ಅಡಿ ಒಳಕ್ಕೆ ಸರಿಸಿದರೆ ಮೂರು ಗುಂಟೆಗೂ ಜಾಸ್ತಿ ಹೋಯಿತು. ವರ್ಷಕ್ಕೆ ಒಂದಡಿ ಸರಿಸಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ವಯಸ್ಸಾದವರನ್ನು ಕರೆದೊಯ್ಯಿರಿ. ಒಂದು ಅಳತೆಗೆ ಕುರಿ ಕಾಯುತ್ತಿದ್ದ ಅಜ್ಜಿಯೊಬ್ಬರು ಬಂದಿದ್ದರು. ನಕ್ಷೆಯಲ್ಲಿ ಜೋಡಿ ಗೆರೆಯಾಗಿ ಕಾಣುವ ಹಳ್ಳ ನೆಲದ ಮೇಲೆ ಎಲ್ಲೂ ಇರಲಿಲ್ಲ. ಎಲ್ಲ ಸಮತಟ್ಟು, ಮೇಲೆ ಸೈಟಿನ ಕಲ್ಲು. ಅಜ್ಜಿ ಒಂದು ಹೊಂಗೆ ಮರದ ಹತ್ತಿರ ನಿಂತು, "ಇಲ್ಲೇ ಕಣಪ್ಪಾ ನಾವು ಬಟ್ಟೆ ಒಗೀತಿದ್ದಿದ್ದು, ಈ ಕಲ್ಲು ನೋಡು" ಅಂದರು. ಮಣ್ಣು ಕೆದಕಿದರೆ ನುಣ್ಣಗೆ ಸವೆದ ಒಗೆಯುವ ಬಂಡೆ. ಸರಪಳಿ ಹಿಡಿದು ಅಳೆದರೆ ನಕ್ಷೆಯ ಹಳ್ಳ ಸರಿಯಾಗಿ ಅಲ್ಲೇ ಬಂತು. ಅದನ್ನು ಮಹಜರಿನಲ್ಲಿ (ಸ್ಥಳದಲ್ಲೇ ಸಾಕ್ಷಿಗಳ ಮುಂದೆ ಬರೆಯುವ ವರದಿ) ಬರೆಸಿದೆವು, ಅಜ್ಜಿಯ ಹೆಬ್ಬೆಟ್ಟೂ ಹಾಕಿಸಿದೆವು.

ಮಹಜರಿಗೆ ಸಹಿ ಹಾಕುವ ಮುನ್ನ ಪೂರ್ತಿ ಓದಿ. ಖಾಲಿ ಹಾಳೆಗೆ ಸಹಿ ಬೇಡವೇ ಬೇಡ. 'ಆಮೇಲೆ ಆಫೀಸಲ್ಲಿ ಬರ್ಕೋತೀವಿ' ಅಂದರೆ, 'ಬರೆದ ಮೇಲೆ ನಾವೂ ಆಮೇಲೆ ಸಹಿ ಹಾಕ್ತೀವಿ' ಅನ್ನಿ. ಕಲ್ಲು ನೆಟ್ಟ ಜಾಗದಲ್ಲಿ ಫೋಟೊ ತೆಗೆದಿಡಿ.

ಒತ್ತುವರಿ ಮಾಡಿದವರು ಯಾರು?

ಇದನ್ನು ಊರವರು ಕೇಳಲು ಇಷ್ಟಪಡುವುದಿಲ್ಲ. ಅಳತೆ ಮುಗಿದಾಗ ಪಟ್ಟಿಯಲ್ಲಿ ಹೊರಗಿನ ರಿಯಲ್ ಎಸ್ಟೇಟಿನವರ ಜೊತೆಗೆ ಊರಿನ ದೇವಸ್ಥಾನ, ಅಂಗನವಾಡಿ, ಒಬ್ಬ ಕೂಲಿಯವನ ಗುಡಿಸಲು, ಮತ್ತು ಹೋರಾಟದ ಮುಂಚೂಣಿಯಲ್ಲಿದ್ದವರ ಅಣ್ಣನ ಅಡಿಕೆ ತೋಟ ಎಲ್ಲವೂ ಬರುತ್ತದೆ. ಆಗ ಅರ್ಧ ಜನ ನನ್ನ ಫೋನ್ ಎತ್ತುವುದು ನಿಲ್ಲಿಸುತ್ತಾರೆ.

ಮುಂಚೆಯೇ ಗ್ರಾಮಸಭೆಯಲ್ಲಿ ಕೂತು ಮಾತಾಡಿ. ಜಗಪಾಲ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2011ರ ಜನವರಿ 28ರಂದು ಕೊಟ್ಟ ತೀರ್ಪು ಇಲ್ಲಿ ಕೈಹಿಡಿಯುತ್ತದೆ. ಪಂಜಾಬಿನ ಪಟಿಯಾಲ ಜಿಲ್ಲೆಯ ಒಂದು ಹಳ್ಳಿಯಲ್ಲಿ ಊರ ಹೊಂಡ ಮುಚ್ಚಿ ಮನೆ ಕಟ್ಟಿಕೊಂಡವರು, 'ದುಡ್ಡು ಕಟ್ಟುತ್ತೇವೆ, ಸಕ್ರಮ ಮಾಡಿ' ಅಂದಿದ್ದರು. ಕೋರ್ಟ್ ಒಪ್ಪಲಿಲ್ಲ. ವರ್ಷಗಟ್ಟಲೆ ಕೂತಿದ್ದಾರೆ, ದುಡ್ಡು ಹಾಕಿ ಕಟ್ಟಿದ್ದಾರೆ ಅನ್ನುವುದು ಕಾರಣವಲ್ಲ ಅಂದಿತು. ಎಲ್ಲ ರಾಜ್ಯಗಳೂ ಇಂಥ ಒತ್ತುವರಿ ತೆರವಿಗೆ ಯೋಜನೆ ಮಾಡಬೇಕು ಅಂತ ಆದೇಶಿಸಿತು. ಅದೇ ತೀರ್ಪಿನಲ್ಲಿ ಭೂಮಿ ಇಲ್ಲದ ಕೂಲಿಕಾರರು, ಪರಿಶಿಷ್ಟರಿಗೆ ಸರ್ಕಾರವೇ ಕೊಟ್ಟ ಜಾಗ, ಶಾಲೆ, ಆಸ್ಪತ್ರೆಯಂಥವಕ್ಕೆ ವಿನಾಯಿತಿಯ ಮಾತೂ ಇದೆ. ನನ್ನ ಅಭಿಪ್ರಾಯ ಕೇಳಿದರೆ, ಗುಡಿಸಲಿನವನಿಗೆ ಬೇರೆ ನಿವೇಶನ ಕೊಡಿ ಅಂತ ಅದೇ ಅರ್ಜಿಯಲ್ಲಿ ಊರವರೇ ಕೇಳಬೇಕು. ಹಾಗೆ ಕೇಳದ ಊರಲ್ಲಿ ಜೆಸಿಬಿ ಗುಡಿಸಲನ್ನು ಕೆಡವಿ, ಕಾಂಪೌಂಡಿನ ಹತ್ತಿರ ಬಂದಾಗ ಡೀಸೆಲ್ ಖಾಲಿಯಾಗಿ ನಿಂತದ್ದನ್ನು ನಾನು ನೋಡಿದ್ದೇನೆ.

ಬಗರ್ ಹುಕುಂ, ಅಂದರೆ ಅನುಮತಿಯಿಲ್ಲದೆ ಉಳುತ್ತಿರುವ ಸರ್ಕಾರಿ ಜಮೀನನ್ನು ಸಕ್ರಮ ಮಾಡಿ ಅಂತ, ಅರ್ಜಿ ಹಾಕಿದವರಿದ್ದರೆ ಅವರ ಫಾರಂ 50, 53 ಅಥವಾ 57 ಯಾವ ಹಂತದಲ್ಲಿದೆ ನೋಡಿ. ಅರ್ಜಿ ಬಾಕಿ ಇರುವವರನ್ನೂ ಕೆರೆ ಮುಚ್ಚಿದವರನ್ನೂ ಒಂದೇ ಪಟ್ಟಿಗೆ ಸೇರಿಸಿದರೆ ಕೇಸು ಗೋಜಲಾಗುತ್ತದೆ.

ಅರ್ಜಿ ಕೊಡುವ ರೀತಿ

ತಹಶೀಲ್ದಾರರಿಗೆ ಅರ್ಜಿ, ಪ್ರತಿ ಉಪವಿಭಾಗಾಧಿಕಾರಿಗೆ, ಜಿಲ್ಲಾಧಿಕಾರಿಗೆ, ಪಂಚಾಯಿತಿಗೆ. ಎರಡು ಪುಟ ಮೀರದಿರಲಿ. 'ಪ್ರಕೃತಿ ಮಾತೆ', 'ಮುಂದಿನ ಪೀಳಿಗೆ' ಎಲ್ಲ ಭಾಷಣಕ್ಕೆ ಇಟ್ಟುಕೊಳ್ಳಿ. ಅರ್ಜಿಯಲ್ಲಿ ಸರ್ವೆ ನಂಬರ್, ಒಟ್ಟು ವಿಸ್ತೀರ್ಣ, ಒತ್ತುವರಿ ಎಷ್ಟು ಗುಂಟೆ, ಯಾವ ದಿನದ ಅಳತೆ, ಇಷ್ಟು ಸಾಕು. ಭೂ ಕಂದಾಯ ಕಾಯ್ದೆಯ 67ನೇ ಸೆಕ್ಷನ್ ಪ್ರಕಾರ ಇನ್ನೊಬ್ಬರ ಹಕ್ಕು ಸಾಬೀತಾಗದ ಕೆರೆ, ಹಳ್ಳ, ದಾರಿ ಸರ್ಕಾರದ್ದು. ತೆರವಿಗೆ 104ನೇ ಸೆಕ್ಷನ್‌ ಅಡಿ ನೋಟಿಸ್ ಕೊಡಿ ಅಂತ ಸ್ಪಷ್ಟವಾಗಿ ಕೇಳಿ. ಸರ್ಕಾರಿ ಜಾಗ ಕಬಳಿಸಿದ್ದಕ್ಕೆ ಕ್ರಿಮಿನಲ್ ಕ್ರಮಕ್ಕೆ 192-ಎ ಇದೆ.

ಟಪಾಲಿನಲ್ಲಿ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಒಂದು ತಿಂಗಳ ಮೇಲೆ ನೆನಪೋಲೆ. ಆಮೇಲೆ 'ನಮ್ಮ ಇಂಥ ದಿನಾಂಕದ ಅರ್ಜಿ ಮೇಲೆ ತೆಗೆದುಕೊಂಡ ಕ್ರಮದ ಪ್ರತಿ ಕೊಡಿ' ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಹಿಂಬರಹ (ಕಚೇರಿಯ ಲಿಖಿತ ಉತ್ತರ) ಬಂದರೆ, ಅದು ನಿಮಗೆ ವಿರುದ್ಧವಾಗಿದ್ದರೂ, ಬೇಸರ ಬೇಡ. ಪ್ರಶ್ನೆ ಮಾಡಲು ಒಂದು ಕಾಗದ ಸಿಕ್ಕಿತಲ್ಲ.

ಸುಮ್ನೆ ಕೂತು ಕಾಯುವುದಕ್ಕೂ ಮಿತಿ ಇದೆ. ಸರ್ಕಾರಿ ಜಾಗಕ್ಕಾಗಿ ಸರ್ಕಾರ ಹಾಕುವ ದಾವೆಗೆ ಕಾಲಮಿತಿ ಕಾಯ್ದೆಯಲ್ಲಿ 30 ವರ್ಷ. ಕೇಳಲು ದೊಡ್ಡ ಸಂಖ್ಯೆ. ಆದರೆ 1990ರ ದಶಕದಲ್ಲಿ ಹಾಕಿದ ಬೇಲಿಗೆ ಆ ಲೆಕ್ಕ ಆಗಲೇ ಮುಗಿದಿದೆ, ಇಲ್ಲವೇ ಮುಗಿಯುತ್ತಾ ಬಂದಿದೆ.

ಈಗ ಕೋರ್ಟು

ನೋಟಿಸ್ ಹೋದ ತಕ್ಷಣ ಎದುರು ಪಕ್ಷದವರು ಸಿವಿಲ್ ಕೋರ್ಟಿಗೆ ಹೋಗಿ ತಡೆಯಾಜ್ಞೆ ಕೇಳುತ್ತಾರೆ. ಇದು ನೂರಕ್ಕೆ ತೊಂಬತ್ತು ಸಲ ನಡೆಯುತ್ತದೆ ಅಂದುಕೊಂಡೇ ತಯಾರಾಗಿ. ಪಂಚಾಯಿತಿಯಿಂದ ಮೊದಲೇ ಕೇವಿಯಟ್ (ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಅನ್ನುವ ಅರ್ಜಿ) ಹಾಕಿಸಿ. ಅದರ ಆಯಸ್ಸು 90 ದಿನ, ತೀರಿದ ಮೇಲೆ ಮತ್ತೆ ಹಾಕಬೇಕು.

ಇದಕ್ಕಿಂತ ಅಪಾಯದ್ದು ಸದ್ದಿಲ್ಲದ ದಾವೆ. ತಹಶೀಲ್ದಾರರನ್ನು ಮಾತ್ರ ಪ್ರತಿವಾದಿ ಮಾಡುತ್ತಾರೆ. ಸರ್ಕಾರಿ ಕಡೆಯಿಂದ ಲಿಖಿತ ಹೇಳಿಕೆ ಬರುವುದು ತಡವಾಗುತ್ತದೆ, ಕೊನೆಗೆ ಅವರ ಪರ ಡಿಕ್ರಿಯೇ ಆಗಿಬಿಡುತ್ತದೆ. ಊರವರಿಗೆ ಗೊತ್ತಾಗುವುದು ಬೋರ್ಡು ಬಿದ್ದ ಮೇಲೆ. ನನ್ನ ಒಂದು ಕೇಸು ಹೀಗೇ ಹೋಯಿತು. ಅದಕ್ಕೆ ನಿಮ್ಮ ಸರ್ವೆ ನಂಬರಿನ ಮೇಲೆ ಯಾವುದಾದರೂ ದಾವೆ ಇದೆಯಾ ಅಂತ ಆಗಾಗ ವಿಚಾರಿಸುತ್ತಿರಿ. ಇದ್ದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 1 ನಿಯಮ 10ರಡಿ ಊರವರನ್ನೂ ಪಕ್ಷಗಾರರಾಗಿ ಸೇರಿಸಿ ಅಂತ ಅರ್ಜಿ ಹಾಕಿ.

ಹಳ್ಳ, ದಾರಿ ಮುಚ್ಚಿದ್ದರೆ ಹತ್ತಿರದ ಬಾಗಿಲು ಉಪವಿಭಾಗಾಧಿಕಾರಿಯದ್ದೇ. ಸಾರ್ವಜನಿಕ ಉಪದ್ರವ ತೆಗೆಸುವ ಅಧಿಕಾರ ಅವರಿಗಿದೆ. ಮುಂಚೆ ಸಿಆರ್‌ಪಿಸಿ 133 ಅನ್ನುತ್ತಿದ್ದೆವು, 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 152. ಮಧ್ಯಪ್ರದೇಶದ ರತ್ಲಾಮಿನಲ್ಲಿ ಒಂದು ಬೀದಿಯ ಜನ ಚರಂಡಿ, ಶೌಚಾಲಯಕ್ಕಾಗಿ ಇದೇ ಸೆಕ್ಷನ್ ಹಿಡಿದು ಹೋದರು. 'ನಮ್ಮಲ್ಲಿ ದುಡ್ಡಿಲ್ಲ' ಅಂದಿತು ಪುರಸಭೆ. ದುಡ್ಡಿಲ್ಲ ಅನ್ನುವುದು ನೆಪವಾಗದು ಅಂತ 1980ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಹೇಳಿದರು. ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಈ ದಾರಿ ಬಳಸುವವರು ತೀರಾ ಕಡಿಮೆ.

ಕೆರೆಗೆ ಕೊಳಚೆ ಬಿಡುತ್ತಿದ್ದರೆ, ಕಟ್ಟಡದ ಅವಶೇಷ ಸುರಿಯುತ್ತಿದ್ದರೆ ಹಸಿರು ನ್ಯಾಯಮಂಡಳಿ. ನಮಗೆ ಚೆನ್ನೈ ಪೀಠ. ಆರು ತಿಂಗಳೊಳಗೆ ಹೋಗಬೇಕು. ಬೆಂಗಳೂರಿನಲ್ಲಿ ಭೂ ಕಬಳಿಕೆ ನಿಷೇಧ ಕಾಯ್ದೆಯ ವಿಶೇಷ ಕೋರ್ಟಿದೆ. ಆದರೆ 2011ರ ಮೂಲ ಕಾಯ್ದೆಯ ಪ್ರತಿ ಹಿಡಿದು ಓಡಬೇಡಿ. ಆಮೇಲೆ ತಿದ್ದುಪಡಿಗಳಾಗಿವೆ. ನಿಮ್ಮ ಹಳ್ಳಿಯ ಜಾಗಕ್ಕೆ ಈಗ ಅನ್ವಯಿಸುತ್ತದಾ ಅಂತ ಮೊದಲು ನೋಡಿ.

ಇವೆಲ್ಲ ಆಗದಿದ್ದರೆ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ. ಅಲ್ಲಿ ಕೇಳುವ ಮೊದಲ ಮಾತು: 'ಅಧಿಕಾರಿಗಳಿಗೆ ಅರ್ಜಿ ಕೊಟ್ಟಿದ್ದೀರಾ?' ಸೀಲು ಬಿದ್ದ ಆ ಎರಡು ಪುಟ ಆಗ ಕೆಲಸಕ್ಕೆ ಬರುತ್ತದೆ. ಅರ್ಜಿದಾರರಿಗೆ ಸ್ವಂತ ಲಾಭ ಇರಬಾರದು. ಅಕ್ಕಪಕ್ಕದ ಜಮೀನಿನ ಜಗಳ ಇರುವವರನ್ನು ಅರ್ಜಿದಾರರಾಗಿ ನಿಲ್ಲಿಸಬೇಡಿ. ವಕೀಲರ ಫೀಸಿಗೆ ಹಿಂಜರಿಕೆ ಇದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ.

ಪಟ್ಟಣದಲ್ಲಿರುವವರಿಗೆ ಒಂದು ಮಾತು. ಬಡಾವಣೆ ನಕ್ಷೆಯಲ್ಲಿ ಪಾರ್ಕ್ ಅಂತ ಗುರುತಿಸಿದ ಜಾಗ ಬೇರೆಯವರಿಗೆ ಕೊಟ್ಟರೆ ನೇರ ಮುದ್ದಪ್ಪ ಕೇಸಿನ ತೀರ್ಪು ತೆಗೆಯಿರಿ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿನ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವೇ ನಿಂತಿತು. ಪಾರ್ಕು ಬಡಾವಣೆಯವರ ಉಸಿರಿಗೆ ಸಂಬಂಧಿಸಿದ್ದು, ಕೇಳುವ ಹಕ್ಕು ಅವರಿಗಿದೆ ಅನ್ನುವುದು ಅದರ ಸಾರ. ಮೊದಲ ಸೋಲಿಗೆ ಅವರು ಮನೆಗೆ ಹೋಗಿದ್ದರೆ ಈ ತೀರ್ಪೇ ಇರುತ್ತಿರಲಿಲ್ಲ.

ತೆರವಾದ ಮರುದಿನ

ಆದೇಶ ಬಂತು, ಬೇಲಿ ಕಿತ್ತರು, ಪೇಪರಿನಲ್ಲಿ ಫೋಟೊ ಬಂತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಬೇಲಿ ಮತ್ತೆ ಬರುತ್ತದೆ. ಯಾಕೆಂದರೆ ಜಾಗ ಸುಮ್ಮನೆ ಬಿದ್ದಿತ್ತು.

ಬಳಕೆ ಮತ್ತು ಕೋರ್ಟು ಎರಡೂ ಒಟ್ಟಿಗೆ ಹೋದದ್ದಕ್ಕೆ ನಮ್ಮಲ್ಲೇ ದೊಡ್ಡ ಉದಾಹರಣೆ ಇದೆ. 1984ರಲ್ಲಿ ಸರ್ಕಾರ ಕರ್ನಾಟಕ ಪಲ್ಪ್‌ವುಡ್ಸ್ ಅನ್ನುವ ಜಂಟಿ ಕಂಪನಿಗೆ ಧಾರವಾಡ, ಶಿವಮೊಗ್ಗ ಮುಂತಾದ ಕಡೆ ಸುಮಾರು 75,000 ಎಕರೆ ಜಾಗವನ್ನು ನೀಲಗಿರಿ ಬೆಳೆಯಲು ಕೊಡಲು ಒಪ್ಪಿತು. ದನ ಮೇಯುತ್ತಿದ್ದ, ಸೌದೆ ಆರಿಸುತ್ತಿದ್ದ ಬಯಲುಗಳು ಅವು. ಸಮಾಜ ಪರಿವರ್ತನ ಸಮುದಾಯ ಅನ್ನುವ ಸಂಘಟನೆಯವರು ಶಿವರಾಮ ಕಾರಂತರ ಜೊತೆ ಸುಪ್ರೀಂ ಕೋರ್ಟಿಗೆ ಹೋದರು, 1987ರಲ್ಲಿ ತಡೆಯಾಜ್ಞೆ ಸಿಕ್ಕಿತು. ಅಲ್ಲಿಗೆ ನಿಲ್ಲಿಸಲಿಲ್ಲ. ಅದೇ ವರ್ಷ ನವೆಂಬರ್ 14ರಂದು ಇಂದಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೋ ಹಚ್ಚಿಕೋ ಅಂತಲೇ ಅದರ ಹೆಸರು. 1991ರಲ್ಲಿ ಆ ಕಂಪನಿ ಮುಚ್ಚಿತು. ತಡೆಯಾಜ್ಞೆ ಇದ್ದಾಗ ಕಿತ್ತು ನೆಡಿ ಅಂತ ವಕೀಲನಾಗಿ ನಾನು ಹೇಳುವಂತಿಲ್ಲ, ಬಿಡಿ. ಆದರೆ ಜಾಗ ಗೆದ್ದ ಮೇಲೆ ಏನು ಹಚ್ಚುತ್ತೀರಿ ಅಂತ ಮೊದಲೇ ಯೋಚಿಸಿರಿ ಅಂತ ಖಂಡಿತ ಹೇಳುತ್ತೇನೆ.

ಹಳೆಯ ತೋಪಾದರೆ ಜೀವವೈವಿಧ್ಯ ಕಾಯ್ದೆಯ 37ನೇ ಸೆಕ್ಷನ್ ನೋಡಿ. ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆತೋಪು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ದೇಶದಲ್ಲೇ ಮೊದಲನೆಯದು. ಪಕ್ಕದಲ್ಲೇ ವಿಮಾನ ನಿಲ್ದಾಣ ಬಂದರೂ ಮುದಿ ಹುಣಸೆ ಮರಗಳು ನಿಂತಿವೆ.

ಕೆರೆಯಾದರೆ ತೆರವಾದ ಬೇಸಿಗೆಯಲ್ಲೇ ಹೂಳೆತ್ತಿ. ಒತ್ತುವರಿ ಗಡಿಯುದ್ದಕ್ಕೂ ಟ್ರೆಂಚ್ ಹೊಡೆಸಿ, ಆ ಮಣ್ಣನ್ನು ಒಳಬದಿಗೆ ಏರಿಸಿ ಹೊಂಗೆ, ಬೇವು ಹಚ್ಚಿ. ಮೀನು ಹರಾಜು ಮಾಡಿ. ಹರಾಜು ಹಿಡಿದವನಷ್ಟು ಚೆನ್ನಾಗಿ ಕೆರೆ ಕಾಯುವವನು ಇನ್ನೊಬ್ಬನಿಲ್ಲ. ಪಹಣಿಯಲ್ಲಿ 'ಸರ್ಕಾರಿ ಕೆರೆ' ಅಂತ ಮತ್ತೆ ಬಂದಿದೆಯಾ ನೋಡಿ, ವರ್ಷಕ್ಕೊಂದು ಸಲ ಹೊಸ ಪ್ರತಿ ತೆಗೆಸಿ.

ಕಡತದ ಪೂರ್ತಿ ಪ್ರತಿ ಎರಡು ಮನೆಯಲ್ಲಿರಲಿ. ಪಂಚಾಯಿತಿ ಸದಸ್ಯರ ಮನೆಯಲ್ಲಿ ಮಾತ್ರ ಬೇಡ, ಚುನಾವಣೆ ಬಂದಾಗ ಕಾಣೆಯಾಗುತ್ತದೆ. ನನ್ನ ಹತ್ತಿರ ಬಂದಿದ್ದ ಒಂದು ಊರಿನವರು ಶಾಲೆ ಮೇಷ್ಟ್ರ ಮನೆಯಲ್ಲೊಂದು, ಆ ಕುರಿ ಕಾಯುವ ಅಜ್ಜಿಯ ಮನೆಯಲ್ಲೊಂದು ಇಟ್ಟಿದ್ದಾರೆ. ಅಜ್ಜಿ ಅದನ್ನು ಹಳೆ ಟ್ರಂಕಿನಲ್ಲಿ, ನುಸಿ ಗುಳಿಗೆ ಹಾಕಿ, ಮಗಳ ಮದುವೆ ಸೀರೆಯ ಕೆಳಗೆ ಇಟ್ಟುಕೊಂಡಿದ್ದಾರೆ.